ಹೌದು, ಹಿಮ್ಮಡಿ ನೋವಿಗೇ ಮೀನಖಂಡ ಕೊಯ್ಸಿಕೊಂಡೆ

‘ನೋವು ಹಿಮ್ಮಡಕ್ಕ ಅಂತಿದ್ರಿ, ಹೊಲಿಗಿ ಮೀನಖಂಡಕ್ಕ ಐತಲ್ರಿ?’

ಎರಡು ವರ್ಷದಿಂದ ಇದಕ್ಕೆ ಉತ್ತರ ಹೇಳಿ ಹೇಳಿ ಬಾಯಿ ಸೋತಿದೆ. ಮೊದಮೊದಲು ಕಾಗದದ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆ, ಗಣಿತದ ಟೀಚರ್ ನೋಡಿ. ಆಮೇಲೆ ‘ಡಾಕ್ಟರಿಗೆ ಗೊತ್ತಿರ್ತದ ಬಿಡ್ರಿ’ ಅನ್ನತೊಡಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸಿ ನನ್ನ ಪಾಡಿಗೆ ಚಹಾ ಕುಡಿಯುತ್ತೇನೆ.

ತಾಳ್ಮೆ ಹರಿದದ್ದು ಹಾವೇರಿಯ ಒಂದು ಮದುವೆಯಲ್ಲಿ. ಬೀಗರಿಗೆ ಏಲಕ್ಕಿ ಹಾರ ಹಾಕಿ ಫೋಟೋ ತೆಗೆಸುತ್ತಿದ್ದರು. ನಾನು ಗೋಡೆ ಬದಿಯ ಕುರ್ಚಿ ಹಿಡಿದು, ಸೀರೆ ಒಂದು ಗೇಣು ಎತ್ತಿ ಕಾಲು ನೀವಿಕೊಳ್ಳುತ್ತಿದ್ದೆ. ಹಿಂದಿನಿಂದ ನಮ್ಮ ದೊಡ್ಡವ್ವನ ದನಿ: ‘ಅಯ್ಯ ಶಿವನ! ತಪ್ಪ ಜಾಗಾ ಕೊಯ್ದಾರಲ್ಲ ನಿನಗ!’ ವಾಲಗದವರೂ ಅದೇ ಗಳಿಗೆಯಲ್ಲಿ ಉಸಿರು ತೆಗೆದುಕೊಳ್ಳಬೇಕೇ? ಐದಾರು ಮಂದಿ ನನ್ನ ಕಾಲ ಸುತ್ತ ನೆರೆದರು. ಒಬ್ಬರು ಕೇಸ್ ಹಾಕಲು ಹೇಳಿದರು. ಒಬ್ಬರು ‘ಎಷ್ಟು ಬಿತ್ತು?’ ಅಂದರು. ಹುಡುಗನ ಸೋದರಮಾವ ಬಗ್ಗಿ ಎರಡೂ ಕಾಲು ಹೋಲಿಸಿ ನೋಡಿದರು.

‘ತಪ್ಪು ಜಾಗ’ ಅನ್ನುವ ಮಾತೇ ನನ್ನನ್ನು ಕೆಣಕುವುದು. ಏನೂ ಕೇಳದೆ ಹೋಗಿ ಟೇಬಲ್ ಮೇಲೆ ಮಲಗಿಬಿಟ್ಟೆ ಅಂದುಕೊಂಡಿದ್ದಾರೆಯೇ? ಅದಕ್ಕೂ ಮೊದಲು ಹದಿನಾಲ್ಕು ತಿಂಗಳು ಹೋಗಿತ್ತು. ಮುಂಜಾನೆ ಹಾಸಿಗೆಯಿಂದ ಕಾಲಿಟ್ಟ ಮೊದಲ ಹೆಜ್ಜೆಗೆ ಮೊಳೆ ತುಳಿದ ಹಾಗೆ. ಬಚ್ಚಲಿಗೆ ಗೋಡೆ ಹಿಡಿದೇ ಹೋಗಬೇಕು. ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಹಾಸಿ ಹಿಮ್ಮಡಿ ಊರಿದ್ದೇನೆ. ಬೊಬ್ಬೆ ಎದ್ದು ನೋವು ಎರಡಾಯಿತು. ಮೆತ್ತನೆ ಚಪ್ಪಲಿ, ವ್ಯಾಯಾಮ, ನೋಯುವ ಜಾಗಕ್ಕೆ ಅಲೆಗಳ ಹೊಡೆತ ಕೊಡುವ ಶಾಕ್‌ವೇವ್, ಒಂದು ಸ್ಟೀರಾಯ್ಡ್ ಇಂಜೆಕ್ಷನ್, ಎಲ್ಲ ಆಯಿತು. ಇಂಜೆಕ್ಷನ್ ಒಂದೂವರೆ ತಿಂಗಳು ಸ್ವರ್ಗ ತೋರಿಸಿತು. ಇನ್ನೊಂದು ಕೊಡಿ ಅಂದರೆ ಡಾಕ್ಟರು ಒಪ್ಪಲಿಲ್ಲ. ಪದೇ ಪದೇ ಚುಚ್ಚಿದರೆ ಅಂಗಾಲಿನ ಪಟ್ಟಿ ಹರಿಯಬಹುದು, ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯಬಹುದು. ಈ ನೋವು ಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ವರ್ಷದೊಳಗೆ ಆಪರೇಷನ್ ಇಲ್ಲದೇ ಇಳಿಯುತ್ತದೆ. ನಾನು ಹತ್ತನೆಯವಳು.

‘ಎಲುಬು ಬೆಳದದ, ಕೊರೆದು ತಗಸಬೇಕಿತ್ತು’ ಅನ್ನುವವರಿಗೂ ಒಂದು ಮಾತು. ಎಕ್ಸ್‌ರೇಯಲ್ಲಿ ಗಿಣಿಮೂತಿಯಂತೆ ಕಾಣುವ ಆ ಮುಳ್ಳು ಒಂದು ದಿನವೂ ಹಿಮ್ಮಡಿ ನೋಯದ ಎಷ್ಟೋ ಮಂದಿಯ ಕಾಲಲ್ಲೂ ಇರುತ್ತದೆ. ನೋವಿನ ಮೂಲ ಸಾಮಾನ್ಯವಾಗಿ ಪ್ಲಾಂಟರ್ ಫೇಸಿಯಾ, ಹಿಮ್ಮಡಿ ಎಲುಬಿನಿಂದ ಬೆರಳ ಬುಡದವರೆಗೆ ಅಂಗಾಲಲ್ಲಿ ಬಿಗಿದ ಗಟ್ಟಿ ಪಟ್ಟಿ. ಆ ಪಟ್ಟಿಯನ್ನೇ ಒಳಬದಿಯಿಂದ ಸ್ವಲ್ಪ ಕೊಯ್ದು ಸಡಿಲಿಸುವ ಆಪರೇಷನ್ ಇದೆ, ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿಯೂ ಮಾಡುತ್ತಾರೆ. ಅರ್ಧಕ್ಕಿಂತ ಹೆಚ್ಚು ಕೊಯ್ದರೆ ಪಾದದ ಕಮಾನು ಕುಸಿದು ಹೊರಬದಿ ನೋಯತೊಡಗಬಹುದು. ಕೆಲವರಲ್ಲಿ ಅಲ್ಲೇ ಹಾಯುವ ಬ್ಯಾಕ್ಸ್‌ಟರ್ ನರ ಒತ್ತಿಕೊಂಡಿರುತ್ತದೆ, ಅಂಥವರಿಗೆ ಅದನ್ನು ಬಿಡಿಸುತ್ತಾರೆ.

ನನ್ನ ಕಥೆ ಬೇರೆ. ಡಾಕ್ಟರು ಮೊಣಕಾಲು ನೆಟ್ಟಗೆ ಚಾಚಿಸಿ ಪಾದವನ್ನು ಮೇಲಕ್ಕೆ ಒತ್ತಿದರು. ಲಂಬಕ್ಕೆ ಬಂದು ಅಲ್ಲೇ ನಿಂತಿತು. ಮೊಣಕಾಲು ಮಡಿಸಿ ಒತ್ತಿದರು. ಬೆಣ್ಣೆಯ ಹಾಗೆ ಬಂತು. ಮೀನಖಂಡದ ಎರಡು ದೊಡ್ಡ ಸ್ನಾಯುಗಳಲ್ಲಿ ಮೇಲಿನದು, ಗ್ಯಾಸ್ಟ್ರೊಕ್ನೀಮಿಯಸ್, ಮೊಣಕಾಲು ದಾಟಿ ತೊಡೆಯ ಎಲುಬಿಗೆ ಅಂಟಿದೆ, ಒಳಗಿನದು ದಾಟುವುದಿಲ್ಲ. ಮಡಿಸಿದಾಗ ಸಡಿಲಾಯಿತು ಅಂದರೆ ಬಿಗಿದದ್ದು ಮೇಲಿನದೇ. ಈ ಪರೀಕ್ಷೆಗೆ ಸಿಲ್ಫ್‌ವರ್‌ಶ್ಯೋಲ್ಡ್ ಎಂಬ ಸ್ವೀಡನ್ನಿನ ಎಲುಬಿನ ಡಾಕ್ಟರ ಹೆಸರು. ಆ ಮನುಷ್ಯ 1912ರ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್ ಚಿನ್ನ ಗೆದ್ದ ತಂಡದಲ್ಲಿದ್ದನಂತೆ! ಅವನ ಮೀನಖಂಡ ಚೆನ್ನಾಗಿಯೇ ಇದ್ದಿರಬೇಕು.

ಆ ಸ್ನಾಯು ಹಿಮ್ಮಡಿ ಎಲುಬನ್ನು ಹಿಂದಿನಿಂದ ಮೇಲಕ್ಕೆ ಜಗ್ಗುತ್ತದೆ, ಪ್ರತಿ ಹೆಜ್ಜೆಗೂ ಅಂಗಾಲಿನ ಪಟ್ಟಿ ಸೆಟೆಯುತ್ತದೆ. ಹಾಗಾಗಿ ಜಗ್ಗುವ ಕಡೆಯೇ, ಮೀನಖಂಡದಲ್ಲಿ, ಆ ಸ್ನಾಯುವಿನ ಬಿಳಿ ಪೊರೆಯನ್ನು ಅಡ್ಡಕ್ಕೆ ಕೊಯ್ದು ಸ್ನಾಯುವನ್ನು ಉದ್ದ ಬಿಟ್ಟರು. ಹಿಮ್ಮಡಿಯನ್ನು ಮುಟ್ಟಲೇ ಇಲ್ಲ. ನೋವು ಮರುದಿನ ಮಾಯವಾಗಲಿಲ್ಲ. ಪಾದದ ಹೊರಬದಿಯಲ್ಲಿ ರೂಪಾಯಿಯಷ್ಟು ಜಾಗ ಇವತ್ತಿಗೂ ಮರಗಟ್ಟಿದೆ, ತುದಿಗಾಲಲ್ಲಿ ನಿಂತು ಅಟ್ಟದ ಡಬ್ಬಿ ಇಳಿಸಲು ತಿಂಗಳುಗಟ್ಟಲೆ ಆಗಲಿಲ್ಲ. ಆದರೆ ಏಳನೇ ತಿಂಗಳಿಗೆ ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮನ್ನು ಈ ತುದಿಯಿಂದ ಆ ತುದಿಗೆ ನಡೆದೆ, ಹತ್ತಬೇಕಾದ ರೈಲೇ ಇರಲಿಲ್ಲ. ಹದಿನಾರಾಣೆಯಲ್ಲಿ ಹದಿಮೂರಾಣೆ ನೋವು ಹೋಗಿದೆ.

ಇಷ್ಟೆಲ್ಲ ಕೇಳುವವರು, ‘ದಿನಾ ಎಷ್ಟು ತಾಸು ನಿಂತಿರ್ತಿದ್ರಿ?’ ಅಂತ ಯಾಕೆ ಕೇಳುವುದಿಲ್ಲ? ನಾನು ಆಗ ಪಾಠ ಮಾಡುತ್ತಿದ್ದ ಶಾಲೆಯಲ್ಲಿ ಒಂದು ವರ್ಷ ಎಲ್ಲ ಕ್ಲಾಸಿನ ಕುರ್ಚಿ ತೆಗೆಸಿದರು. ಕುರ್ಚಿ ಇದ್ದರೆ ಟೀಚರು ಕೂರುತ್ತಾರಂತೆ! ಕುರ್ಚಿ ಮತ್ಯಾಕಿರುತ್ತದೆ? ಫರಸಿ ಕಲ್ಲಿನ ಮೇಲೆ ದಿನಕ್ಕೆ ಏಳು ಪಿರಿಯಡ್, ಒಂದಕ್ಕೆ ನಲವತ್ತು ನಿಮಿಷ: ನಾಲ್ಕು ತಾಸು ನಲವತ್ತು ನಿಮಿಷ. ಮನೆಗೆ ಬಂದರೆ ಗ್ಯಾಸ್ ಕಟ್ಟೆ ಮುಂದೆ ಇನ್ನೆರಡು. ಮನೆಯಿಂದ ಪ್ಲಾಸ್ಟಿಕ್ ಸ್ಟೂಲ್ ಒಯ್ದೆ. ಮೂರನೇ ದಿನ ಅದು ಸ್ಟಾಫ್‌ರೂಮಿನಲ್ಲಿ ನೀರಿನ ಕ್ಯಾನ್ ಹೊತ್ತು ನಿಂತಿತ್ತು.

ಮದುವೆಗೆ ಬರುತ್ತೇನೆ. ಮಂದಿ ಊಟಕ್ಕೆ ಎದ್ದು ಹೋದರೂ ದೊಡ್ಡವ್ವ ಹೋಗಲಿಲ್ಲ. ಪಕ್ಕದಲ್ಲಿ ಕೂತು ದನಿ ತಗ್ಗಿಸಿ, ‘ನನಗೂ ಮುಂಜಾನೆ ಕಾಲು ಊರಾಕ ಆಗಂಗಿಲ್ಲವಾ’ ಅಂದಳು.

‘ದಿನಾ ಎಷ್ಟು ತಾಸು ನಿಂತಿರ್ತಿ?’

‘ಅದನ್ಯಾರ ಲೆಕ್ಕ ಇಡತಾರ?’

ಎಬ್ಬಿಸಿ ಗೋಡೆಗೆ ಎರಡೂ ಕೈ ಕೊಡಿಸಿದೆ. ನೋಯುವ ಕಾಲು ಹಿಂದೆ, ಮೊಣಕಾಲು ನೆಟ್ಟಗೆ, ಹಿಮ್ಮಡಿ ನೆಲ ಬಿಡಬಾರದು. ಇನ್ನು ಮುಂದಕ್ಕೆ ಬಾಗು ಅಂದೆ. ಬಾಗಿದಳು. ಬಡಿಸುವ ಹುಡುಗರು ಬಕೆಟ್ ಹಿಡಿದು ನಿಂತು ನೋಡುತ್ತಿದ್ದರು.

‘ಅಯ್ಯಯ್ಯ, ಜಗ್ಗಾಕತ್ತೈತಿ!’

‘ಎಲ್ಲಿ?’

ದೊಡ್ಡವ್ವ ಒಂದು ಕೈ ಗೋಡೆಯಿಂದ ತೆಗೆದು ಮೀನಖಂಡ ಮುಟ್ಟಿ ತೋರಿಸಿದಳು.