ಪಹಣಿಯಲ್ಲಿ ಖರಾಬು

30 ಡಿಸೆಂಬರ್ 2024, ಸೋಮವಾರ
ಎಳ್ಳ ಅಮಾವಾಸ್ಯೆ

ರಜೆ ಹಾಕಿ ಬೆಳಿಗ್ಗೆ ಆರಕ್ಕೇ ಕಲಬುರಗಿ ಬಿಟ್ಟೆ. ಚಿಂಚೋಳಿ ಕಡೆಯ ನಮ್ಮೂರು ಮುಟ್ಟುವಷ್ಟರಲ್ಲಿ ಕಾಕಾನ ಹೊಲದಲ್ಲಿ ಜೋಳದ ದಂಟಿನ ಕೊಂಪಿ ಎದ್ದಿತ್ತು. ಒಳಗೆ ಸುಣ್ಣ ಬಳಿದ ಐದು ಕಲ್ಲು, ಅವೇ ಪಾಂಡವರು. ಪೂಜೆ ಮುಗಿಸಿ ಹೊಲದ ಸುತ್ತ ಚರಗ, ಅಂದರೆ ಭೂಮಿತಾಯಿಗೆ ಎಡೆ, ಚೆಲ್ಲಿ ಬಂದೆವು. ಆಮೇಲೆ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ, ಭಜ್ಜಿ. ಭಜ್ಜಿ ಬಗ್ಗೆ ಬರೆಯಲು ಹೊರಟರೆ ಇವತ್ತಿನ ಪುಟ ಅಲ್ಲಿಗೇ ಮುಗಿಯುತ್ತದೆ, ಬಿಡಿ.

ಊಟ ಆದ ಮೇಲೆ ಎಲ್ಲರೂ ಬೇವಿನ ಗಿಡದ ನೆರಳಲ್ಲಿ ಅಡ್ಡಾದರು. ನಾನು ಕಡಲೆ ಹೊಲದ ಬದುವಿನ ಮೇಲೆ ಹೋಗಿ ಕೂತೆ. ಹತ್ತು ನಿಮಿಷವೂ ಆಗಿರಲಿಲ್ಲ, ಅದು ಬಂತು. ಬೂದಿ ಬೆರೆಸಿದ ಬಿಳಿ ಮೈ, ರೆಕ್ಕೆಯ ತುದಿ ಮಾತ್ರ ಕಪ್ಪು. ಬೆಳೆಯ ಮೇಲೆ ಮೊಳದೆತ್ತರದಲ್ಲಿ ತೇಲುತ್ತ, ಆಚೆ ಈಚೆ ವಾಲುತ್ತ ಹೊಲದ ಆ ತುದಿಗೆ ಹೋಯಿತು. ತಿರುಗಿ ಈ ತುದಿಗೆ ಬಂತು. ಯಾರೋ ಸಾಲು ಹಿಡಿದು ಕಳೆ ನೋಡುತ್ತಿದ್ದಾರೇನೋ ಅನ್ನುವ ಹಾಗೆ.

"ಏನ್ ನೋಡ್ಲಾಕತ್ತಿ ತಮ್ಮಾ?" ಅಂದ ಕಾಕಾ.

"ಆ ಹಕ್ಕಿ, ಕಾಕಾ."

"ಅದಾ? ಹದ್ದು. ಥಂಡಿ ಬಂದಾಗ ಬರ್ತಾವ, ಥಂಡಿ ಹೋದಾಗ ಹೋಗ್ತಾವ."

ಅಷ್ಟು ಸಾಕಿತ್ತು ಕಾಕಾನಿಗೆ. ಪುಸ್ತಕದಲ್ಲಿ ಇದರ ಹೆಸರು ಬಿಳಿ ಸೆಳೆವ. ಹಕ್ಕಿ ನೋಡುವವರು ಪ್ಯಾಲಿಡ್ ಹ್ಯಾರಿಯರ್ ಅನ್ನುತ್ತಾರೆ. ಬೇಸಿಗೆಯಲ್ಲಿ ಕಜಕಸ್ತಾನ, ರಷ್ಯಾ ಕಡೆಯ ಹುಲ್ಲುಬಯಲಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಕಡೆ ಬರುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ವಾಪಸ್. ಮುಖ ಗೂಬೆಯ ಹಾಗೆ ಸ್ವಲ್ಪ ಚಪ್ಪಟೆ. ಹುಲ್ಲಿನೊಳಗೆ ಇಲಿ ಓಡಿದ ಸದ್ದು ಹಿಡಿಯಲು ಆ ಮುಖವೇ ಮೊರ. ಸಾವಿರಾರು ಕಿಲೋಮೀಟರ್ ಹಾರಿ ಬಂದು ನಮ್ಮ ಕಾಕಾನ ಕಡಲೆ ಹೊಲದ ಮಿಡತೆ ತಿನ್ನುವ ಈ ಹಕ್ಕಿ ಪ್ರಪಂಚದಲ್ಲೆಲ್ಲ ಕಡಿಮೆಯಾಗುತ್ತಿದೆ. ಅಪಾಯದ ಅಂಚಿಗೆ ಬಂದ ಜೀವಿಗಳ ಪಟ್ಟಿಯಲ್ಲಿದೆ.

ಇದು ರಾತ್ರಿ ಮಲಗುವುದು ಎಲ್ಲಿ ಅಂತ ಗೊತ್ತಾದದ್ದು ಹೋದ ಚಳಿಗಾಲ, ಗೆಳೆಯನೊಬ್ಬನಿಂದ. ಗಿಡದ ಮೇಲೆ ಅಂತ ನಾನು ತಿಳಿದಿದ್ದೆ. ಮಲಗುವುದು ನೆಲದಲ್ಲಿ. ಎತ್ತರದ ಒಣ ಹುಲ್ಲಿನ ನಡುವೆ ಗುಂಪಾಗಿ ಇಳಿದು, ಹುಲ್ಲು ತುಳಿದು ಜಾಗ ಮಾಡಿಕೊಂಡು ಕೂರುತ್ತವೆ. ಅಂಥ ಹುಲ್ಲು ನಮ್ಮೂರಲ್ಲಿ ಉಳಿದಿರುವುದು ಒಂದೇ ಕಡೆ, ಊರ ಹಿಂದಿನ ಮರಡಿಯಲ್ಲಿ.

ಮರಡಿ ಅಂದರೆ ಕಲ್ಲು ದಿಬ್ಬ. ಇದು ಗಾಯರಾಣ, ಊರ ದನ ಮೇಯುವ ಭೂಮಿ. ಕೆಂಪು ಕಲ್ಲು, ಮೊಣಕಾಲುದ್ದ ಕರಡ ಹುಲ್ಲು, ಅಲ್ಲಲ್ಲಿ ಬಾರಿ ಹಣ್ಣಿನ ಕಂಟಿ. ಪಹಣಿಯಲ್ಲಿ ಉಳಲಿಕ್ಕೆ ಬಾರದ ನೆಲಕ್ಕೆಲ್ಲ ಒಂದೇ ಹೆಸರು, ಖರಾಬು. ಅದರಲ್ಲೂ ಅ ಖರಾಬು, ಬ ಖರಾಬು ಅಂತ ಎರಡು. ಕೆಟ್ಟದ್ದಕ್ಕೂ ದರ್ಜೆ ನೋಡಿ! ಒಮ್ಮೆ ಖರಾಬು ಅಂತ ಬಾಯಿಗೆ ಬಂದ ಮೇಲೆ ಅಲ್ಲಿ ರಸ್ತೆಗೆ ಹಾಕುವ ಮುರುಮ್ ಮಣ್ಣು ಅಗೆಯಬಹುದು, ಕಸ ಸುರಿಯಬಹುದು, ಬೆಂಕಿ ಹಚ್ಚಬಹುದು. ಯಾರಿಗೂ ಏನೂ ಅನ್ನಿಸುವುದಿಲ್ಲ.

ಅಥವಾ ಸಸಿ ನೆಡಬಹುದು. ಇದನ್ನು ಬರೆಯಲು ನಾಚಿಕೆ. ಹೋದ ವರ್ಷ ಜುಲೈನಲ್ಲಿ ನಾವು ಎಂಟು ಜನ ಗೆಳೆಯರು ಬ್ಯಾನರ್ ಕಟ್ಟಿಕೊಂಡು ಬಂದು ಮರಡಿಯಲ್ಲಿ 200 ಗುಂಡಿ ತೋಡಿದೆವು. ಹೊಂಗೆ, ಬೇವು, ಗುಲ್‌ಮೊಹರ್. ಫೋಟೋ ಹಾಕಿದೆವು. "ಬರಡು ನೆಲಕ್ಕೆ ಜೀವ" ಅಂತ ಶೀರ್ಷಿಕೆ ಕೊಟ್ಟವನು ನಾನೇ. ಜೀವ ಅಲ್ಲಿ ಮೊದಲೇ ಇತ್ತು, ನಮಗೆ ಕಂಡಿರಲಿಲ್ಲ. ಬಯಲಲ್ಲಿ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗೆ ದೂರದವರೆಗೆ ಕಾಣಬೇಕು. ಮರ ಎದ್ದರೆ ಕಾಗೆ ಕೂರಲು ಜಾಗ ಸಿಗುತ್ತದೆ, ಕಾಗೆ ಮೊಟ್ಟೆ ಹುಡುಕುತ್ತದೆ. ನೆರಳು ಬಿದ್ದಲ್ಲಿ ಬಿಸಿಲಿನ ಹುಲ್ಲು ಸೊರಗುತ್ತದೆ. ಇವತ್ತು ಎಣಿಸಿದೆ. 31 ಸಸಿ ಉಳಿದಿವೆ. ಉಳಿದವು ಒಣಗಿದ್ದಕ್ಕೆ ಸಮಾಧಾನ ಆಯಿತು. ವನಮಹೋತ್ಸವ ಮಾಡಿದವನು ಹೀಗೆ ಹೇಳುವುದು ವಿಚಿತ್ರ, ಅಲ್ವಾ?

ಕಾಡಿನ ಕಥೆ ಬೇರೆ. ಇಲ್ಲಿಂದ ಗಾಡಿಯಲ್ಲಿ ಮುಕ್ಕಾಲು ಗಂಟೆ ಹೋದರೆ ಚಿಂಚೋಳಿ ವನ್ಯಜೀವಿಧಾಮ, 134.88 ಚದರ ಕಿಲೋಮೀಟರ್. 2011ರಲ್ಲಿ ಘೋಷಣೆ ಆಯಿತು. ಅದಕ್ಕೆ ಬೋರ್ಡು ಇದೆ, ಗಾರ್ಡ್ ಇದ್ದಾರೆ. ಆದರೆ ತೋಳ ಬೋರ್ಡು ನೋಡಿ ತಿರುಗುವುದಿಲ್ಲ. ಅದಕ್ಕೆ ಹೊಲ, ಮರಡಿ, ಹಳ್ಳದ ದಂಡೆ ಎಲ್ಲ ಬೇಕು. ದೇಶದಲ್ಲಿ ತೋಳ ಇರುವುದು ಮೂರು ಸಾವಿರದ ಆಸುಪಾಸು ಅಂತ ಅಂದಾಜು. ಹುಲಿಗಿಂತ ಜಾಸ್ತಿಯೇನಿಲ್ಲ. ಎರೆ ಸೀಮೆಯ ಎರ್ಲಡ್ಡು ಹಕ್ಕಿಯಂತೂ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್, ಇಡೀ ದೇಶದ ಬಯಲಲ್ಲಿ ಉಳಿದಿರುವುದು 150ರ ಆಸುಪಾಸು ಅಂತ ಅಂದಾಜು. ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು. ಅದೂ ಬಯಲಿನದೇ ಹಕ್ಕಿ.

ಐದಕ್ಕೆ ಕಾಕಾನನ್ನೂ ಎಬ್ಬಿಸಿಕೊಂಡು ಮರಡಿ ಹತ್ತಿದೆ. ಹುಲ್ಲಿನ ನಡುವೆ ಬೆರಳ ಗಾತ್ರದ ಒಣ ಉಂಡೆಗಳು ಬಿದ್ದಿದ್ದವು. ಅರಗದ್ದನ್ನು ಈ ಹಕ್ಕಿ ಉಂಡೆ ಮಾಡಿ ಉಗುಳುತ್ತದೆ. ಒಂದನ್ನು ಒಡೆದು ಅಂಗೈ ಮೇಲೆ ಹರವಿದೆ. ಮಿಡತೆಯ ಹಿಂಗಾಲು, ಒಂದಿಷ್ಟು ಕೂದಲು, ಇಲಿಯ ಸಣ್ಣ ದವಡೆ.

ಕಾಕಾ ಬಗ್ಗಿ ನೋಡಿದ. "ಇಲಿ ತಿಂತಾವೇನು?"

"ಹೂಂ. ಮಿಡತಿನೂ."

"ಔಷಧ ಹೊಡ್ಯೋ ರೊಕ್ಕಾ ಉಳೀತು ಅನ್ನು." ನಕ್ಕ. ಈ ಸಲ ನೆಟೆ ರೋಗಕ್ಕೆ ಅವನ ತೊಗರಿ ಅರ್ಧ ಒಣಗಿದೆ. ಅದಕ್ಕೆ ಯಾವ ಹಕ್ಕಿಯೂ ಏನೂ ಮಾಡುವ ಹಾಗಿಲ್ಲ. ಆದರೂ ನಕ್ಕ.

ಸೂರ್ಯ ಮುಳುಗುವ ಹೊತ್ತಿಗೆ ಮೊದಲನೆಯದು ಬಂತು. ಇಳಿದಂತೆ ಮಾಡಿ ಮತ್ತೆ ಎದ್ದಿತು. ಇನ್ನೆರಡು ತೊಗರಿ ಹೊಲದ ಕಡೆಯಿಂದ ಬಂದವು. ಕಂದು ಬಣ್ಣದವು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಹೆಣ್ಣೋ ಮರಿಯೋ, ನನಗೆ ಇನ್ನೂ ಬಿಡಿಸಿ ಹೇಳಲು ಬರುವುದಿಲ್ಲ. ನಾನು ಒಂಬತ್ತು ಎಣಿಸಿದೆ. ಕಾಕಾ ಹನ್ನೊಂದು ಅಂದ. ಅವನ ಕಣ್ಣು ನನ್ನ ಕಣ್ಣಿಗಿಂತ ಚಲೋ ಇವೆ, ಹನ್ನೊಂದೇ ಇರಲಿ.

ಕತ್ತಲಾಯಿತು. ಅಮಾವಾಸ್ಯೆ ಕತ್ತಲು. ಇಳಿಯುವಾಗ ಕಾಕಾ ಸುಮ್ನೆ ಅಂದ ಹಾಗೆ ಅಂದ, "ಶಿವರಾತ್ರಿ ಮುಂದ ಹುಡುಗ್ರು ಇಲ್ಲಿ ಬೆಂಕಿ ಹಚ್ತಾರ. ಈ ಸಲ ಬ್ಯಾಡ ಅಂತ ಹೇಳ್ತೀನಿ. ಕೇಳ್ತಾರೋ ಬಿಡ್ತಾರೋ."

ರಾತ್ರಿ ಹತ್ತಕ್ಕೆ ಕಲಬುರಗಿ. ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಮೆಸೇಜು ಬಂದಿತ್ತು. ಬರುವ ಮಳೆಗಾಲ ಅದೇ ಮರಡಿಯಲ್ಲಿ 500 ಸಸಿ ನೆಡೋಣ, ಯಾರ್ಯಾರು ಬರ್ತೀರಿ ಅಂತ. ಆರು ಜನ ಹೆಬ್ಬೆರಳು ಎತ್ತಿದ್ದಾರೆ. ನಾನು ಮೂರು ಸಲ ಟೈಪ್ ಮಾಡಿ ಮೂರು ಸಲ ಅಳಿಸಿದೆ. ನಾಳೆ ಫೋನ್ ಮಾಡಿಯೇ ಹೇಳಬೇಕು.