ಬೇರೆ ಕೆಲಸ ಬಿಟ್ಟು ಪಾಠ ಮಾಡಲು ಬರುವವರಿಗೆ

ಇಂಜಿನಿಯರಾಗಿ, ಲೆಕ್ಕಪತ್ರದ ಕೆಲಸದಲ್ಲಿ, ಪ್ರಯೋಗಾಲಯದಲ್ಲಿ ಹತ್ತಾರು ವರ್ಷ ಕಳೆದು ಆಮೇಲೆ ಮೇಷ್ಟ್ರಾಗಲು ಹೊರಡುವವರು ಸಾಮಾನ್ಯವಾಗಿ ಎರಡು ಗಂಟು ಹೊತ್ತು ಬರುತ್ತಾರೆ. ಒಂದು, ವಿಷಯ ಚೆನ್ನಾಗಿ ಗೊತ್ತು ಎಂಬ ಧೈರ್ಯ. ಇನ್ನೊಂದು, ತಾವು ಓದುವಾಗ ಕಂಡ ಒಳ್ಳೆಯ ಮೇಷ್ಟ್ರೊಬ್ಬರ ನೆನಪು. ಎರಡೂ ಬೇಕಾದವೇ. ಮೊದಲ ವರ್ಷ ಎಡವಿಸುವುದೂ ಇವೇ ಎರಡು.

ನೆನಪಿನಿಂದ ಶುರು ಮಾಡೋಣ. ಶಾಲೆ ಮುಗಿಸುವ ಹೊತ್ತಿಗೆ ವಿದ್ಯಾರ್ಥಿಯೊಬ್ಬ ಸುಮಾರು 13,000 ಗಂಟೆ ಶಿಕ್ಷಕರನ್ನು ಹತ್ತಿರದಿಂದ ನೋಡಿರುತ್ತಾನೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲೋರ್ಟಿ 1975ರಲ್ಲಿ ಲೆಕ್ಕ ಕೊಟ್ಟರು. ಬೇರೆ ಯಾವ ವೃತ್ತಿಯನ್ನೂ ಅದರೊಳಗೆ ಕಾಲಿಡುವ ಮುನ್ನ ನಾವು ಇಷ್ಟು ನೋಡಿರುವುದಿಲ್ಲ. ಆದರೆ ನೋಡಿದ್ದೆಲ್ಲ ಬೆಂಚಿನ ಮೇಲೆ ಕೂತು. ಆ ಉದಾಹರಣೆಯನ್ನೇ ಯಾಕೆ ಆರಿಸಿಕೊಂಡರು, ಹಿಂದಿನ ರಾತ್ರಿ ಯಾವ ಭಾಗವನ್ನು ಹೊಡೆದುಹಾಕಿದರು, ಉತ್ತರ ಗೊತ್ತಿದ್ದ ಹುಡುಗಿಯನ್ನು ಬಿಟ್ಟು ಪಕ್ಕದವಳನ್ನು ಯಾಕೆ ಕೇಳಿದರು, ಇವು ಅಲ್ಲಿಂದ ಕಾಣುವುದಿಲ್ಲ. ಹೀಗಾಗಿ ಹೊಸಬರು ನೆಚ್ಚಿನ ಮೇಷ್ಟ್ರ ದನಿ, ತಮಾಷೆ, ಗದರಿಕೆಯನ್ನು ಅನುಕರಿಸುತ್ತಾರೆ. ಅದರ ಹಿಂದಿದ್ದ ಆಯ್ಕೆಗಳು ಕೈಗೆ ಸಿಗುವುದಿಲ್ಲ.

ಇದಕ್ಕೆ ಮದ್ದು, ಮತ್ತೆ ತರಗತಿಗೆ ಹೋಗಿ ಕೂರುವುದು. ಈ ಸಲ ಒಂದೇ ಒಂದು ಪ್ರಶ್ನೆ ಹಿಡಿದು. ಮಕ್ಕಳು ಕೂತ ಕ್ರಮದ ನಕ್ಷೆ ಬರೆದುಕೊಳ್ಳಿ. ಯಾರು ಬಾಯಿ ತೆರೆದರೋ ಅವರ ಚೌಕಕ್ಕೆ ಒಂದು ಗೀಟು ಹಾಕಿ. ಪೀರಿಯಡ್ ಮುಗಿದಾಗ ಬಹುತೇಕ ಗೀಟುಗಳು ಐದಾರು ಚೌಕಗಳಲ್ಲೇ ತುಂಬಿರುತ್ತವೆ. ಇನ್ನೊಂದು ದಿನ ಶಿಕ್ಷಕರ ಕಡೆ ನೋಡಲೇಬೇಡಿ, ಒಬ್ಬ ಮಗುವಿನ ನೋಟ್‌ಬುಕ್ಕನ್ನಷ್ಟೇ ನೋಡಿ. ಬೋರ್ಡಿನಲ್ಲಿ ನಡೆದದ್ದಕ್ಕೂ ಪುಟದ ಮೇಲೆ ನಡೆದದ್ದಕ್ಕೂ ಎಷ್ಟು ದೂರ ಎಂಬುದು ಕಣ್ಣಿಗೆ ಹೊಡೆಯುತ್ತದೆ. ‘ಪಾಠ ಹೇಗಿತ್ತು’ ಎಂದು ಸುಮ್ಮನೆ ನೋಡುತ್ತ ಕೂತರೆ ಹತ್ತು ದಿನ ಕಳೆದರೂ ಏನೂ ದಕ್ಕುವುದಿಲ್ಲ.

ಇನ್ನು ವಿಷಯಜ್ಞಾನ. 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಒಂದು ಪ್ರಯೋಗ ಮಾಡಿದರು. ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಒಬ್ಬರು ಮೇಜಿನ ಮೇಲೆ ಬೆರಳಲ್ಲಿ ಕುಟ್ಟಬೇಕು, ಕೇಳುವವರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟಾದರೂ ಸರಿ ಹೇಳುತ್ತಾರೆ ಎಂದು ಕುಟ್ಟಿದವರ ಅಂದಾಜು. ಗುರುತು ಸಿಕ್ಕಿದ್ದು 120ರಲ್ಲಿ 3. ಕುಟ್ಟುವವರ ತಲೆಯೊಳಗೆ ಹಾಡು ಪೂರ್ತಿ ಕೇಳುತ್ತಿರುತ್ತದೆ, ಎದುರು ಕೂತವರಿಗೆ ಬರೀ ಟಕ್ ಟಕ್. ವಿಷಯ ಚೆನ್ನಾಗಿ ಬಲ್ಲವರು ಮೊದಲ ಸಲ ಪಾಠ ಮಾಡುವಾಗ ಆಗುವುದು ಇದೇ. ವಿಷಯ ಬಲ್ಲದ್ದು ಬೇರೆ, ಅದು ಕಲಿಯುವವರಿಗೆ ಎಲ್ಲಿ ತೊಡಕಾಗುತ್ತದೆ ಎಂದು ಬಲ್ಲದ್ದು ಬೇರೆ. ಈ ಎರಡನೆಯದನ್ನು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಪ್ರತ್ಯೇಕ ಜ್ಞಾನವೆಂದೇ ಹೆಸರಿಟ್ಟು ಕರೆದರು. ಗಳಿಸಬೇಕಾದದ್ದು ಅದನ್ನು.

ಒಂದು ಉದಾಹರಣೆ ನಿಧಾನವಾಗಿ ನೋಡೋಣ. 0.6, 0.45, 0.308 ಇವುಗಳಲ್ಲಿ ದೊಡ್ಡದು ಯಾವುದು? 0.308 ಎನ್ನುವ ಮಗು ಅಜಾಗರೂಕತೆಯಿಂದ ಹಾಗೆ ಹೇಳುತ್ತಿಲ್ಲ. ಪೂರ್ಣಸಂಖ್ಯೆಗಳಲ್ಲಿ ಉದ್ದದ ಸಂಖ್ಯೆಯೇ ದೊಡ್ಡದು ಎಂದು ವರ್ಷಗಟ್ಟಲೆ ಕಲಿತಿದೆ, ಅದನ್ನೇ ಇಲ್ಲಿಗೂ ತಂದಿದೆ. 0.45 ಅನ್ನು ‘ಪಾಯಿಂಟ್ ನಲವತ್ತೈದು’ ಎಂದು ಓದುವ ನಮ್ಮ ರೂಢಿ ಆ ತಪ್ಪಿಗೆ ನೀರೆರೆಯುತ್ತದೆ. ‘ಪಾಯಿಂಟ್ ನಾಲ್ಕು ಐದು’ ಎಂದೇ ಓದಬೇಕು. ಇದಕ್ಕಿಂತ ಸೂಕ್ಷ್ಮದ ತೊಡಕು ಸರಿ ಉತ್ತರ ಕೊಟ್ಟ ಮಗುವಿನಲ್ಲಿದೆ. ‘ನೂರನೇ ಭಾಗಕ್ಕಿಂತ ಹತ್ತನೇ ಭಾಗ ದೊಡ್ಡದು, ಆದ್ದರಿಂದ ಅಂಕಿ ಕಡಿಮೆ ಇದ್ದಷ್ಟೂ ಸಂಖ್ಯೆ ದೊಡ್ಡದು’ ಎಂದುಕೊಂಡ ಮಗುವೂ 0.6 ಎಂದೇ ಹೇಳುತ್ತದೆ. ಅದಕ್ಕೇ ಕೂಡಲೇ ಎರಡನೇ ಪ್ರಶ್ನೆ: 0.3 ಮತ್ತು 0.48. ಈಗ ಆ ಮಗು 0.3 ಎನ್ನುತ್ತದೆ, ಅದರ ಯೋಚನೆ ಹೊರಬೀಳುತ್ತದೆ. ‘ಸೊನ್ನೆ ಸೇರಿಸಿ ಅಂಕಿಗಳನ್ನು ಸಮ ಮಾಡಿಕೋ’ ಎಂಬ ಉಪಾಯ ಹೇಳಿಕೊಟ್ಟರೆ ಉತ್ತರ ಸರಿಯಾಗುತ್ತದೆ, ಆದರೆ ಮಗು 60 ಮತ್ತು 45 ಎಂಬ ಪೂರ್ಣಸಂಖ್ಯೆಗಳನ್ನೇ ಹೋಲಿಸುತ್ತಿರುತ್ತದೆ. ಮೊದಲು 10 × 10 ಚೌಕಗಳ ಹಾಳೆ ಕೊಟ್ಟು 6 ಸಾಲುಗಳಿಗೆ ಒಂದು ಬಣ್ಣ, ಇನ್ನೊಂದು ಹಾಳೆಯಲ್ಲಿ 45 ಚೌಕಗಳಿಗೆ ಒಂದು ಬಣ್ಣ ತುಂಬಿಸಿ. ಉಪಾಯ ಆಮೇಲೆ ಬರಲಿ.

ನೀವು ಕಲಿಸಲಿರುವ ಪ್ರತಿ ಅಧ್ಯಾಯಕ್ಕೂ ಇಂಥ ಮೂರು ತಪ್ಪುಗಳನ್ನು, ಪ್ರತಿಯೊಂದೂ ಯಾವ ಹಳೆಯ ಸರಿಯಿಂದ ಹುಟ್ಟಿತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ. ಮೊದಲ ವರ್ಷದ ನಿಜವಾದ ಗಳಿಕೆ ಆ ಪುಸ್ತಕವೇ.

ಅಭ್ಯಾಸಕ್ಕೆ ಪೂರ್ತಿ ತರಗತಿ ಬೇಡ. 1963ರ ಸುಮಾರಿಗೆ ಡ್ವೈಟ್ ಆಲೆನ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ ಮೈಕ್ರೋಟೀಚಿಂಗ್ ಕ್ರಮ ಇಂದಿಗೂ ಉಪಯುಕ್ತ: ನಾಲ್ಕೈದು ಕಲಿಯುವವರು, ಐದರಿಂದ ಹತ್ತು ನಿಮಿಷ, ಒಂದೇ ಕೌಶಲ, ರೆಕಾರ್ಡಿಂಗ್, ಕೇಳಿ, ತಿದ್ದಿಕೊಂಡು, ಮತ್ತೆ ಮಾಡುವುದು. ಮೊಬೈಲಿನ ಧ್ವನಿಮುದ್ರಣ ಸಾಕು. ಹೆಚ್ಚಿನವರು ಎರಡನೇ ಸಲ ಮಾಡುವುದೇ ಇಲ್ಲ. ಲಾಭ ಇರುವುದೆಲ್ಲ ಆ ಎರಡನೇ ಸಲದಲ್ಲಿ.

ಮುದ್ರಣ ಕೇಳುವಾಗ ಮೊದಲು ಅಳೆಯಬೇಕಾದದ್ದು ಮೌನವನ್ನು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು. ಮಗು ಉತ್ತರ ಹೇಳಿ ನಿಲ್ಲಿಸಿದ ಮೇಲೂ ಹಾಗೇ ಕಾಯಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಹೊಸಬರಿಗೆ ಮೂರು ಸೆಕೆಂಡು ಯುಗದಂತೆ ಅನಿಸುತ್ತದೆ; ಮನಸ್ಸಿನಲ್ಲೇ ಎಣಿಸಿ. ಜೊತೆಗೆ, ಮೊದಲು ಪ್ರಶ್ನೆ, ಆಮೇಲೆ ಬಿಡುವು, ಕೊನೆಗೆ ಹೆಸರು. ಹೆಸರು ಮೊದಲೇ ಹೇಳಿದರೆ ಉಳಿದವರೆಲ್ಲ ಯೋಚನೆ ನಿಲ್ಲಿಸಿಬಿಡುತ್ತಾರೆ.

40 ನಿಮಿಷದ ಪಾಠಕ್ಕೆ ಒಂದು ಹಂಚಿಕೆ: ಹಿಂದಿನದರ ನೆನಪಿಗೆ 5, ವಿವರಣೆಗೆ 10, ಮಕ್ಕಳೇ ಮಾಡಲು 15, ನೋಡಿ ಚರ್ಚಿಸಲು 7, ಕೊನೆಯ ಒಂದು ಪ್ರಶ್ನೆಗೆ ಚೀಟಿಯಲ್ಲಿ ಉತ್ತರ ಬರೆಸಿಕೊಳ್ಳಲು 3. ಕೆಡುವುದು ಯಾವಾಗಲೂ ಒಂದೇ ಜಾಗದಲ್ಲಿ: ವಿವರಣೆ 10ರಿಂದ 25ಕ್ಕೆ ಹಿಗ್ಗುತ್ತದೆ, ಮಕ್ಕಳು ಮಾಡುವ ಭಾಗ ‘ಮನೆಯಲ್ಲಿ ಮಾಡಿ’ ಎಂದಾಗುತ್ತದೆ. ಪಾಠ ಯೋಜನೆಯ ಅಂಚಿನಲ್ಲಿ ನಿಮಿಷಗಳ ಬದಲು ಗಡಿಯಾರದ ಸಮಯವನ್ನೇ ಬರೆಯಿರಿ, 10:15, 10:30 ಎಂದು. ತಡವಾದರೆ ಯಾವ ಉದಾಹರಣೆ ಬಿಡುವುದು ಎಂಬುದನ್ನೂ ಮೊದಲೇ ಗುರುತು ಮಾಡಿ. ಹಾಳೆ ಹಂಚುವ ಮುಂಚೆಯೇ ಸೂಚನೆ ಹೇಳಿ ಮುಗಿಸಿ, ಹಾಳೆ ಕೈಗೆ ಬಂದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ‘ಅರ್ಥ ಆಯ್ತಾ?’ ಎಂದರೆ ‘ಹೂಂ’ ಬಿಟ್ಟು ಬೇರೆ ಉತ್ತರ ಬರದು. ‘ಮೊದಲು ಏನು ಮಾಡ್ತೀಯ, ಹೇಳು’ ಅನ್ನಿ.

ಶಿಸ್ತಿನ ಬಗ್ಗೆ ಹೊಸಬರಿಗೆ ಭಯ ಹೆಚ್ಚು. ಜೇಕಬ್ ಕೂನಿನ್ 1970ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಿಡಬೇಕಾದದ್ದು: ಸಲೀಸಾಗಿ ನಡೆಯುವ ತರಗತಿಗೂ ಗದ್ದಲದ ತರಗತಿಗೂ ಗದರಿಸುವ ರೀತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸವಿದ್ದದ್ದು ಎಲ್ಲ ಮೂಲೆಗೂ ಕಣ್ಣಿಡುವುದರಲ್ಲಿ ಮತ್ತು ಪಾಠದ ಓಟ ಮುರಿಯದಂತೆ ನೋಡಿಕೊಳ್ಳುವುದರಲ್ಲಿ. ಆದ್ದರಿಂದ ಬೋರ್ಡಿಗೆ ಮುಖ ಮಾಡಿ ಎರಡು ನಿಮಿಷ ಬರೆಯಬೇಡಿ. ಒಂದು ಸಾಲು ಬರೆದು ತಿರುಗಿ ನೋಡಿ.

ಕೆಲಸ ಬಿಡುವ ಮುನ್ನ ಯಾರೂ ಹಾಕದ ಲೆಕ್ಕ ಒಂದಿದೆ. 40 ಮಕ್ಕಳ ಐದು ತರಗತಿ ಎಂದರೆ 200 ನೋಟ್‌ಬುಕ್. ಒಂದಕ್ಕೆ 3 ನಿಮಿಷವಾದರೂ 10 ಗಂಟೆ, ಅದೂ ಒಂದೇ ಸುತ್ತಿಗೆ. ಇದನ್ನು ಇಡಿಯಾಗಿ ಮಾಡಲು ಹೊರಟವರು ಕೆಲವೇ ತಿಂಗಳಲ್ಲಿ ಸೋತುಹೋಗುತ್ತಾರೆ. ಒಂದೇ ಪ್ರಶ್ನೆಯನ್ನು ಎಲ್ಲ ಪುಸ್ತಕಗಳಲ್ಲೂ ಓದಿ, ತಪ್ಪಿನ ಬಗೆಗಳನ್ನು ಎಣಿಸಿ, ಮರುದಿನ ಮೊದಲ ಐದು ನಿಮಿಷ ಅದಕ್ಕೇ ಕೊಡಿ. ಹಾಗೆಯೇ ಒಂದು ಶಾಲೆಯಲ್ಲಿ ಅನುಮತಿ ಕೇಳಿ, ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ಇಡೀ ದಿನ ಒಬ್ಬ ಶಿಕ್ಷಕರ ಹಿಂದೆ ಓಡಾಡಿ, ಸ್ಟಾಫ್ ರೂಮಿಗೂ. ರಾಜೀನಾಮೆ ಪತ್ರ ಬರೆಯುವುದು ಅದಾದ ಮೇಲಿರಲಿ.