ಚುಕ್ಕಿಯ ಮುಂಗಾಲುಗಳನ್ನು ನಾನು ನೋಡಿರಲಿಲ್ಲ

ಆ ದಿನ ಬೆಳಿಗ್ಗೆ ನನ್ನ ಮೊಲ ಚುಕ್ಕಿ ಎದ್ದು ನಿಲ್ಲಲು ಹೋಗಿ ಎಡಕ್ಕೆ ಉರುಳಿದಳು. ಮತ್ತೆ ಎದ್ದಳು, ಮತ್ತೆ ಉರುಳಿದಳು. ಎತ್ತಿ ಎದೆಗವಚಿಕೊಂಡಾಗ ಅವಳ ತಲೆ ಒಂದು ಪಕ್ಕಕ್ಕೆ ತಿರುಚಿಕೊಂಡೇ ಇತ್ತು, ಕಣ್ಣುಗುಡ್ಡೆಗಳು ಒಂದೇ ಸಮನೆ ಅತ್ತಿಂದಿತ್ತ ಓಡುತ್ತಿದ್ದವು. ನನಗೆ ಲಕ್ವ ಎನಿಸಿತು.

ಪಶುವೈದ್ಯೆ ಮಾತ್ರ ಮೊದಲು ಅವಳ ಮುಂಗಾಲುಗಳನ್ನು ಹೊರಳಿಸಿ ನೋಡಿದರು. ಒಳಬದಿಯ ತುಪ್ಪಳ ಗೋಂದು ಮೆತ್ತಿ ಒಣಗಿದ ಹಾಗೆ ಗಂಟುಗಂಟಾಗಿತ್ತು. "ಎಷ್ಟು ದಿನದಿಂದ ಸೀನುತ್ತಿದ್ದಾಳೆ?" ಎಂದು ಕೇಳಿದರು. ಮೂರು ವಾರ ಆಗಿತ್ತು. ಒಣಹುಲ್ಲಿನ ಧೂಳಿಗೆ ಸೀನುತ್ತಾಳೆ ಎಂದುಕೊಂಡು ಸುಮ್ಮನಿದ್ದೆ. ಮೂಗು ಸ್ವಚ್ಛವಾಗಿಯೇ ಕಾಣುತ್ತಿತ್ತಲ್ಲ! ಮೊಲ ಸಿಂಬಳವನ್ನು ಮುಂಗಾಲಿನಿಂದ ಒರೆಸಿಕೊಳ್ಳುತ್ತಲೇ ಇರುತ್ತದೆ, ಹಾಗಾಗಿ ಮೂಗಿಗಿಂತ ಕಾಲಿನ ತುಪ್ಪಳವೇ ನಿಜ ಹೇಳುತ್ತದೆ. ಅಷ್ಟು ವರ್ಷ ಮೊಲ ಸಾಕಿಯೂ ನನಗೆ ಇದು ಗೊತ್ತಿರಲಿಲ್ಲ.

ಮೂಗಿನ ಹಿಂಭಾಗದಿಂದ ನಡುಗಿವಿಗೆ ಸಣ್ಣದೊಂದು ನಾಳವಿದೆ. ಪಾಶ್ಚುರೆಲ್ಲಾದಂಥ ಬ್ಯಾಕ್ಟೀರಿಯಾ ಆ ದಾರಿಯಲ್ಲೇ ಕಿವಿಗೆ ಹೋಗುತ್ತದೆ, ಅಲ್ಲಿಂದ ಒಳಗಿವಿಗೆ ಇಳಿದರೆ ಸಮತೋಲವೇ ತಪ್ಪುತ್ತದೆ. ಚುಕ್ಕಿಯದು ಜೋಲುಕಿವಿಯ ತಳಿ ಬೇರೆ. ಕಿವಿಯ ನಾಳ ಬುಡದಲ್ಲೇ ಮಡಚಿಕೊಂಡಿರುವುದರಿಂದ ಗುಗ್ಗೆ, ಕೀವು ಸುಲಭವಾಗಿ ಹೊರಬರುವುದಿಲ್ಲ. ಮೊಲದ ಕೀವು ನಮ್ಮದರಂತೆ ಹರಿಯುವುದೂ ಇಲ್ಲ, ಟೂತ್‌ಪೇಸ್ಟಿನಷ್ಟು ಗಟ್ಟಿ. ಔಷಧ ಅದರೊಳಗೆ ಇಳಿಯುವುದು ಕಷ್ಟ, ಆದ್ದರಿಂದಲೇ ಚಿಕಿತ್ಸೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ಎಕ್ಸ್-ರೇಯಲ್ಲಿ ಎಡಗಿವಿಯ ಎಲುಬಿನ ಗೂಡು ಬಲಗಡೆಯದಕ್ಕಿಂತ ಬೆಳ್ಳಗೆ, ತುಂಬಿಕೊಂಡಂತೆ ಕಂಡಿತು.

ತಲೆ ವಾಲುವುದಕ್ಕೆ ಇನ್ನೊಂದು ಸಾಮಾನ್ಯ ಕಾರಣವೂ ಇದೆ: ಮಿದುಳು ಮತ್ತು ಮೂತ್ರಪಿಂಡಕ್ಕೆ ತಗಲುವ ಎನ್ಸೆಫಲಿಟೊಜೂನ್ ಕ್ಯುನಿಕುಲಿ ಎಂಬ ಸೂಕ್ಷ್ಮ ಪರಾವಲಂಬಿ. ಅದಕ್ಕೆ ಫೆನ್‌ಬೆಂಡಜೋಲ್ ಎಂಬ ಜಂತುಹುಳುವಿನ ಔಷಧವನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಎರಡಕ್ಕೂ ಔಷಧ ಬೇರೆಯಾದ್ದರಿಂದ ಯಾವುದೆಂದು ಮನೆಯಲ್ಲಿ ಕುಳಿತು ಊಹಿಸಲು ಹೋಗಬೇಡಿ.

ಔಷಧದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್‌ನಂಥ ಆಂಟಿಬಯಾಟಿಕ್ ಅನ್ನು ಮೊಲಕ್ಕೆ ಎಂದಿಗೂ ಕುಡಿಸಬೇಡಿ. ಬಾಯಿಯ ಮೂಲಕ ಕೊಟ್ಟ ಪೆನಿಸಿಲಿನ್ ಗುಂಪಿನ ಔಷಧಗಳು, ಕ್ಲಿಂಡಾಮೈಸಿನ್, ಲಿಂಕೊಮೈಸಿನ್ ಇವೆಲ್ಲ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು, ವಿಷಕಾರುವ ಬ್ಯಾಕ್ಟೀರಿಯಾ ಬೆಳೆಯಲು ಬಿಡುತ್ತವೆ. ಮೊಲ ಸಾಯುವುದು ಆಗ ಸೋಂಕಿನಿಂದಲ್ಲ, ನಾವು ಕೊಟ್ಟ ಔಷಧದಿಂದ. ಚುಕ್ಕಿಗೆ ವೈದ್ಯೆ ಎನ್ರೋಫ್ಲಾಕ್ಸಾಸಿನ್ ಎಂಬ ಬೇರೆ ಗುಂಪಿನ ಆಂಟಿಬಯಾಟಿಕ್ ಬರೆದುಕೊಟ್ಟರು. ಮೂಗಿನ ಆಳದಿಂದ ದ್ರವ ತೆಗೆದು, ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂಬ ಪರೀಕ್ಷೆಗೂ ಕಳುಹಿಸಿದರು. ಕಿವಿಗೆ ಹನಿ ಹಾಕಬೇಕೇ ಎಂದು ಕೇಳಿದ್ದಕ್ಕೆ, ಕಿವಿಯ ತಮಟೆ ಹರಿದಿದೆಯೋ ಇಲ್ಲವೋ ನೋಡದೆ ಏನನ್ನೂ ಬಿಡಬಾರದು ಎಂದರು.

ಮೊದಲ ವಾರ ನಾನು ನೆಲದ ಮೇಲೆ ಅವಳ ಪಕ್ಕದಲ್ಲೇ ಮಲಗಿದೆ. ಟವೆಲ್‌ಗಳನ್ನು ಸುರುಳಿ ಸುತ್ತಿ ಅವಳ ಎರಡೂ ಪಕ್ಕಕ್ಕೆ ಒತ್ತಾಗಿ ಇಟ್ಟರೆ ಉರುಳುವುದು ಕಡಿಮೆಯಾಗುತ್ತಿತ್ತು. ತಲೆ ಸುತ್ತುವಾಗ ಮೊಲ ತಿನ್ನುವುದನ್ನು ಬಿಡಬಹುದು. ಅರ್ಧ ದಿನ ತಿನ್ನದಿದ್ದರೆ ಕರುಳಿನ ಚಲನೆಯೇ ನಿಲ್ಲುವ ಅಪಾಯವಿದೆ. ಹಾಗಾಗಿ ನೆನೆಸಿದ ಪುಡಿ ಆಹಾರವನ್ನು ಸಿರಿಂಜಿನಲ್ಲಿ, ಮುಂದಿನ ಹಲ್ಲುಗಳ ಹಿಂದಿನ ಖಾಲಿ ಜಾಗದಿಂದ, ಒಂದೊಂದೇ ಗುಟುಕಾಗಿ ಕೊಡುತ್ತಿದ್ದೆ. ಅವಳು ಜಗಿದು ನುಂಗಿದ್ದು ಕಂಡ ಮೇಲೇ ಮುಂದಿನ ಗುಟುಕು. ಅಂಗಾತ ಮಲಗಿಸಿ ಕೊಟ್ಟರೆ ಆಹಾರ ಶ್ವಾಸನಾಳಕ್ಕೆ ಹೋಗುತ್ತದೆ. ಮೂರನೆಯ ರಾತ್ರಿ ನಾಲ್ಕೈದು ಹಿಕ್ಕೆ ಬಿದ್ದಾಗ ನನಗೆ ಅಳು ಬಂತು.

ಇನ್ನೊಂದು ಲಕ್ಷಣವನ್ನು ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಮೊಲ ಉಸಿರಾಡುವುದು ಮೂಗಿನಿಂದಲೇ. ಕತ್ತು ಮೇಲೆತ್ತಿ ಬಾಯಿ ತೆರೆದು ಉಸಿರೆಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ ಅದು ಆಗಲೇ ಕೊನೆಯ ಹಂತದ ಹೋರಾಟ. ಆರಾಮವಾಗಿ ಕುಳಿತ ಮೊಲದ ಉಸಿರು ನಿಮಿಷಕ್ಕೆ ಸುಮಾರು 30ರಿಂದ 60. ನಿಮ್ಮ ಮೊಲ ಚೆನ್ನಾಗಿರುವಾಗಲೇ ಪಕ್ಕೆ ಏರಿಳಿಯುವುದನ್ನು ಎಣಿಸಿ ಬರೆದಿಟ್ಟುಕೊಳ್ಳಿ.

ಕಿವಿಯೊಳಗೆ ಕಂದು ಬಣ್ಣದ ಪದರಪದರ ಹಕ್ಕಳೆ ಕಂಡರೆ ಅದು ಬೇರೆ ಕಥೆ, ಕಿವಿನುಸಿಯದು. ಕೀಳಬೇಡಿ, ಕೆಳಗಿನ ಚರ್ಮ ಹಸಿ ಗಾಯವಾಗಿರುತ್ತದೆ. ಉಣ್ಣೆ, ಚಿಗಟಕ್ಕೆಂದು ನಾಯಿಗೆ ಹಚ್ಚುವ ಫಿಪ್ರೊನಿಲ್ ಅನ್ನೂ ಹಚ್ಚಬೇಡಿ, ಅದು ಮೊಲಕ್ಕೆ ವಿಷ.

ಮೂತ್ರದ ಘಾಟು ಮೂಗಿನ ಒಳಪದರವನ್ನು ಸುಡುತ್ತದೆ ಎಂದು ತಿಳಿದ ಮೇಲೆ ಅವಳ ಮೂತ್ರದ ತಟ್ಟೆಯನ್ನು ದಿನವೂ ಬದಲಿಸುತ್ತಿದ್ದೇನೆ. ಒಂಬತ್ತು ವಾರವಾಯಿತು. ಚುಕ್ಕಿಯ ತಲೆ ಈಗಲೂ ಸ್ವಲ್ಪ ವಾಲಿದೆ, ಆದರೆ ಓಡುತ್ತಾಳೆ, ತಿರುವಿನಲ್ಲಿ ಮಾತ್ರ ಗೋಡೆಗೆ ತಾಗಿಕೊಂಡು ಹೋಗುತ್ತಾಳೆ. ನಿನ್ನೆ ಎರಡು ಸಲ ಸೀನಿದಳು. ಕೂಡಲೇ ಮುಂಗಾಲು ಹೊರಳಿಸಿ ನೋಡಿದೆ, ತುಪ್ಪಳ ಒಣಗಿ ಮೆತ್ತಗಿತ್ತು. ಮುಂದಿನ ವಾರ ಇನ್ನೊಂದು ಎಕ್ಸ್-ರೇ ಇದೆ.